ಹೆಂಡತಿಯ ಔಷಧ ಕುಡಿದು ಜಾಣನಾದದ್ದು

ಇದನ್ನು ಬರೆಯಲು ಕುಳಿತಾಗಲೆಲ್ಲ ಚಸ್ಮಾ ಸಿಗಲಿಲ್ಲವೆಂದು ನೆಪ ತೆಗೆದು ಎದ್ದಿದ್ದೇನೆ. ಇವತ್ತು ಚಸ್ಮಾ ಮೂಗಿನ ಮೇಲೆಯೇ ಇದೆ. ಬರೆಯದೆ ವಿಧಿಯಿಲ್ಲ.

ಆಗ ನಮ್ಮಲ್ಲಿ ಇನ್ನೂ ರಾಜರ ಕಾಲ. ಜಮಖಂಡಿಯ ಹೈಸ್ಕೂಲಿನಲ್ಲಿ ಕಲಿತು ಬಂದ ನಾನು ಬನಹಟ್ಟಿಯ ನಮ್ಮ ಓಣಿಗೆ ಏಕಮಾತ್ರ ವಿದ್ವಾಂಸ. ಮನೆಯಲ್ಲಿ ಎರಡು ಕೈಮಗ್ಗ. ಎರಡನೆಯ ಹೆರಿಗೆಯ ನಂತರ ನನ್ನ ಹೆಂಡತಿಗೆ ಮರೆವು ಹಿಡಿಯಿತು. ಸೀರೆಯ ಕೆಂಪು ದಡಿಗೆ ಹಸಿರು ನೂಲು ಹಾಕುವಳು. ಒಲೆಯ ಮುಂದೆ ತೂಕಡಿಸುವಳು. ಗೋಡೆಯ ಮಣ್ಣು ಕೆರೆದು ತಿನ್ನುವಳು. "ಇಕಿ ತಲಿ ಕೆಟ್ಟೈತಿ, ತವರಿಗೆ ಬಿಟ್ಟು ಬಾ. ಬ್ಯಾರೆ ಹೆಣ್ಣು ನೋಡೂಣು" ಎಂದು ಅವ್ವ ಪಟ್ಟು ಹಿಡಿದಳು. ವಿದ್ಯಾವಂತನಾದ ನಾನು ಒಪ್ಪಲಿಲ್ಲ. ಅವಳನ್ನು ಜಮಖಂಡಿಯ ದವಾಖಾನೆಗೆ ಕರೆದೊಯ್ದೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ರಕ್ತದಲ್ಲಿ ಕಬ್ಬಿಣ ಕಡಿಮೆಯಾಗಿದೆ, ಮರೆವಿಗೂ ಮಣ್ಣಿನ ಆಸೆಗೂ ಅದೇ ಕಾರಣ ಎಂದರು. ನನ್ನ ಕೈಗೆ ಬಾಟಲಿ ಕೊಟ್ಟು, "ಇದನ್ನ ಕುಡದ್ರ ತಲಿ ಚುರುಕ ಆಗ್ತೈತ್ರಿ" ಎಂದರು.

ತಲೆ ಚುರುಕಾಗುತ್ತದೆ! ಮಣ್ಣು ತಿನ್ನುವವಳಿಗೆ ಚುರುಕು ತಲೆ ಏತಕ್ಕೆ? ಕಟ್ಟೆಯ ಮೇಲೆ ಕುಳಿತು ಮಹಾಯುದ್ಧದ ಗತಿ ನಿರ್ಧರಿಸುವವನು ನಾನು. ಮೇಲಾಗಿ ನಮ್ಮಲ್ಲಿ ಗಂಡ ಉಣ್ಣದೆ ಹೆಂಡತಿ ಉಣ್ಣುವುದಿಲ್ಲ. ಔಷಧಕ್ಕೂ ಅದೇ ಕಾಯಿದೆ ಎಂದು ನಾನೇ ನ್ಯಾಯಾಧೀಶನಾಗಿ ತೀರ್ಪು ಕೊಟ್ಟುಕೊಂಡೆ. ಔಷಧವನ್ನು ನಾನು ಕುಡಿದೆ. ಬಾಟಲಿ ತೊಳೆದ ನೀರನ್ನು ಅವಳಿಗೆ ಕೊಟ್ಟೆ. ಅವಳು ಕುಡಿದಳು.

ನನ್ನ ಹಲ್ಲು ಕಪ್ಪಾದವು. ಹೊಟ್ಟೆ ಕಟ್ಟಿತು. ಕೊನೆಗೆ ಒಂದು ಬೆಳಿಗ್ಗೆ ಬಯಲಿಗೆ ಹೋದವನು ಎದ್ದು ತಿರುಗಿ ನೋಡಿದರೆ, ಡಾಂಬರು! ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವಳಂತೂ ಮತ್ತಷ್ಟು ಮಂಕಾಗಿದ್ದಳು. ಇವಳೇ ಮಾಟ ಮಾಡಿಸಿದ್ದಾಳೆ ಎಂದಳು ಅವ್ವ. ಈ ಸಲ ವಿದ್ಯಾವಂತನು ತಕ್ಷಣ ಒಪ್ಪಿದನು. ಅವಳ ಬಟ್ಟೆಯ ಗಂಟು ಕಟ್ಟಿ ಬಂಡಿ ಹೂಡಿಸಿದೆ. ಮೊದಲು ದವಾಖಾನೆಯಲ್ಲಿ ನನ್ನ ಜೀವ ಉಳಿಸಿಕೊಳ್ಳುವುದು, ಆಮೇಲೆ ಅವಳನ್ನು ಸಾವಳಗಿಯ ತವರಿನಲ್ಲಿ ಬಿಟ್ಟು ಬರುವುದು.

ಡಾಕ್ಟರು ನನ್ನ ಹಲ್ಲು ನೋಡಿದರು. ಬಿಳಿಚಿಕೊಂಡ ಅವಳ ಕಣ್ಣು ನೋಡಿದರು. ಔಷಧ ಕುಡಿದವರು ಯಾರು ಎಂದು ಕೇಳಿದರು. ನಾನು ಛಾವಣಿ ನೋಡುತ್ತ ನಿಂತೆ. ಅವಳೇ ಮೆಲ್ಲಗೆ ಹೇಳಿದಳು: "ಅವರು ಕುಡದ ಮ್ಯಾಲೆ ನಾನೂ ಕುಡದೇನ್ರಿ."

"ಈ ಕಪ್ಪು ಔಷಧದ್ದು. ನಿಮಗ ಕಬ್ಬಿಣ ಕಡಿಮಿ ಇಲ್ರಿ" ಎಂದರು ಡಾಕ್ಟರು ನನಗೆ. "ಕಡಿಮಿ ಇರೂದು ಬ್ಯಾರೆ. ಅದಕ್ಕ ನನ್ನ ಕಡೆ ಔಷಧ ಇಲ್ಲ."

ಹೊಸ ಬಾಟಲಿಯನ್ನು ಅವಳ ಕೈಗೇ ಕೊಟ್ಟರು. ಬಂಡಿ ಸಾವಳಗಿಯ ಕಡೆ ಹೊರಳಲಿಲ್ಲ.

ಕೆಲವು ತಿಂಗಳಲ್ಲಿ ಅವಳು ಮಣ್ಣು ಬಿಟ್ಟಳು. ತಲೆ ಎಷ್ಟು ಚುರುಕಾಯಿತೆಂದರೆ, ಮುಂದೆ ಆ ಮನೆಯಲ್ಲಿ ನನ್ನ ಒಂದು ಸುಳ್ಳೂ ನಡೆಯಲಿಲ್ಲ. ಆ ದಿನ ಬಂಡಿಯಲ್ಲಿ ತನ್ನ ಬಟ್ಟೆಯ ಗಂಟು ಯಾಕಿತ್ತು ಎಂದು ಮಾತ್ರ ಅವಳು ಕೇಳಲೇ ಇಲ್ಲ. ತಪ್ಪಾಯಿತು ಎನ್ನಲು ಎಷ್ಟೋ ಸಲ ಬಾಯಿ ತೆರೆದೆ. ಹೊರಬಿದ್ದದ್ದು "ಚಾ ಮಾಡು" ಎಂಬುದೊಂದೇ. ಅವಳು ಮಾಡಿಕೊಟ್ಟಳು, ನಾನು ಕುಡಿದೆ. ಈಗ ಹೇಳೋಣವೆಂದರೆ ಕೇಳಲು ಅವಳಿಲ್ಲ.

ಅವಳ ಹೆಸರು ನೀಲವ್ವ.