ಮಧ್ಯಾಹ್ನದ ಸರದಾರ

ನನ್ನ ಕಣ್ಣು ತಪ್ಪಿಸಿ ಇಂಡಿ ತಾಲೂಕಿನಲ್ಲಿ ಒಂದು ಬಲ್ಬೂ ಉರಿಯುವುದಿಲ್ಲ ಎಂದು ನಾನು ಎಲ್ಲರ ಮುಂದೆ ಎದೆ ತಟ್ಟಿ ಹೇಳುತ್ತಿದ್ದ ಕಾಲವೊಂದಿತ್ತು. ಕಾರಣವೂ ಇತ್ತೆನ್ನಿ. ನಾನು ವಿದ್ಯುತ್ ಇಲಾಖೆಯ ಜಾಗೃತ ದಳದವನು. ನಿಂಬೆ ತೋಟದ ಪಂಪಿಗೆ ಕಂಬದಿಂದ ಸೀದಾ ಕೊಕ್ಕೆ ಹಾಕಿದವರು, ಮೀಟರಿನ ಬೆನ್ನಿಗೆ ಅಯಸ್ಕಾಂತ ಕಟ್ಟಿದವರು, ಮದುವೆ ಮಂಟಪಕ್ಕೆಲ್ಲ ಬೀದಿದೀಪದಿಂದ ಬೆಳಕು ಎಳೆದವರು, ಎಲ್ಲರೂ ನನ್ನ ಮೂಗಿಗೆ ಸಿಕ್ಕವರೇ. ನನ್ನ ಜೀಪಿನ ಸಪ್ಪಳ ಕೇಳಿದರೆ ಅರ್ಧ ಊರು ತಾನಾಗಿಯೇ ಕತ್ತಲಾಗುತ್ತಿತ್ತು. ಸಂಶಯ ಬೇರೆಯವರಿಗೆ ರೋಗ, ನನಗೆ ಉದ್ಯೋಗ. ಸರಕಾರವೇ ಅದಕ್ಕೆ ಸಂಬಳ ಕೊಟ್ಟು ಸಾಕುತ್ತಿತ್ತು!

ಇಂಥ ಮೂಗು ಹೊತ್ತವನು ಸಂಜೆ ಮನೆಗೆ ಬಂದಾಗ ಅದನ್ನು ಚಪ್ಪಲಿಯ ಜೊತೆ ಹೊರಗೆ ಬಿಡುವುದಾದರೂ ಹೇಗೆ?

ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ಆ ಮೂಗಿಗೆ ನಮ್ಮ ಮನೆಯ ಮೀಟರೇ ವಾಸನೆ ಹೊಡೆಯಿತು. ಮನೆಯಲ್ಲಿ ಇರುವವರು ನಾನು ಮತ್ತು ನನ್ನ ಹೆಂಡತಿ ರಾಜೇಶ್ವರಿ, ಇಬ್ಬರೇ. ನಾನು ಬುತ್ತಿ ಕಟ್ಟಿಕೊಂಡು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಚಳಿಗೆ ಫ್ಯಾನು ಹಾಕುವ ಪ್ರಶ್ನೆಯಿಲ್ಲ. ಆದರೂ ಮೀಟರು ಮಾತ್ರ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿತ್ತು. ಯಾಕೆಂದು ಕೇಳಿದರೆ ರಾಜೇಶ್ವರಿ ಮಿಕ್ಸರ್ ಎಂದಳು. ಶೇಂಗಾ ಹಿಂಡಿಯನ್ನು ಒರಳಲ್ಲೇ ಕುಟ್ಟಬೇಕೆಂದು ಹಟ ಹಿಡಿಯುವ ಹೆಂಗಸು ಮಿಕ್ಸರಿನ ಹೆಸರು ಹೇಳಿದರೆ ನಂಬಲು ನಾನೇನು ಬೇರೆ ಇಲಾಖೆಯವನೇ?

ಅಷ್ಟೇ ಆಗಿದ್ದರೆ ವಯರಿಂಗ್ ಹಳೆಯದೆಂದು ಸುಮ್ಮನಿರುತ್ತಿದ್ದೆನೇನೋ. ಆದರೆ ಆಕೆ ಇತ್ತೀಚೆಗೆ ಕಾರಣವಿಲ್ಲದೆ ನಗುತ್ತಿದ್ದಳು. ರೊಟ್ಟಿ ಬಡಿಯುವಾಗ ಬಾಯಲ್ಲಿ ಏನೋ ಹಾಡು. ಗಂಡ ಮನೆಯಲ್ಲಿರುವಾಗ ಹೆಂಡತಿ ಇಷ್ಟು ಸಂತೋಷವಾಗಿದ್ದರೆ ಅದರ ಮೂಲ ಮನೆಯಲ್ಲಿಲ್ಲ ಎಂದೇ ಅರ್ಥ.

ಇದಕ್ಕೆ ಪಕ್ಕದ ಮನೆಯ ಜೋಹರಾಬಿ ಎಣ್ಣೆ ಸುರಿದರು. ಅವರು ಬಟ್ಟೆ ಹೊಲಿಯುವವರು. ಅವರ ಹೊಲಿಗೆ ಯಂತ್ರ ಇರುವುದು ನಮ್ಮ ಗೋಡೆಗೆ ಒತ್ತಿದ ಕಿಟಕಿಯಲ್ಲಿ. ಒಂದು ಬೆಳಿಗ್ಗೆ ನನ್ನನ್ನು ತಡೆದು ಬಹಳ ಕಾಳಜಿಯಿಂದ ಕೇಳಿದರು.

"ಸಾಹೇಬ್ರ, ನಿಮ್ಮ ಮನ್ಯಾಗ ಯಾರರೆ ಜಡ್ಡಾಗಿ ಮಲಗ್ಯಾರೇನ್ರಿ?"

ಯಾರೂ ಇಲ್ಲವಲ್ಲ ಎಂದೆ. ಅವರ ಮುಖದಲ್ಲಿ ಕಾಳಜಿ ಇಳಿದು ಕುತೂಹಲ ಏರಿತು. ದಿನಾ ಮಧ್ಯಾಹ್ನ ನಮ್ಮ ಮನೆಯೊಳಗಿಂದ ರಾಜೇಶ್ವರಿಯ ಧ್ವನಿ ಕೇಳುತ್ತದಂತೆ. ಜೀವ ಕಡಿಮೆಯಾಗಿದೆ ಹಿಂದೆ ಸರಿ, ತಡಿ ಔಷಧ ಹಾಕುತ್ತೇನೆ, ನಾನಿರುವಾಗ ನಿನಗೆ ಸಾವಿಲ್ಲ, ಹೀಗೆಲ್ಲ. ಯಾರ ಜೊತೆ ಎಂದು ಕೇಳಿದೆ. ಎದುರಿನವರ ದನಿ ಕೇಳುವುದಿಲ್ಲ, ಆದರೆ ಆಗಾಗ ಸರದಾರ ಅಂತಾಳೆ ಎಂದರು.

ಸರದಾರ!

ಅವತ್ತು ಆಫೀಸಿನಲ್ಲಿ ಕುಳಿತು ಬಂಧುಬಳಗದಲ್ಲಿ, ಓಣಿಯಲ್ಲಿ, ಇಂಡಿಯಿಂದ ಸಿಂದಗಿಯವರೆಗೆ ಸರದಾರ ಎಂಬ ಹೆಸರಿನವರು ಯಾರಿದ್ದಾರೆಂದು ನೆನಪಿಸಿಕೊಂಡೆ. ನೆನಪಾದವನು ಒಬ್ಬನೇ, ಬಸ್‌ಸ್ಟ್ಯಾಂಡಿನ ಬೀದಿನಾಯಿ. ಅದಕ್ಕೆ ಯಾರೂ ಔಷಧ ಹಾಕುವಂತಿರಲಿಲ್ಲ.

ಮರುದಿನ ರಾಜೇಶ್ವರಿ ಬಾವಿಗೆ ಹೋದಾಗ ಮನೆಯ ತಪಾಸಣೆ ನಡೆಸಿದೆ. ಮಂಚದ ಕೆಳಗೆ, ಜೋಳದ ಚೀಲದ ಹಿಂದೆ, ಅಟ್ಟದ ಮೇಲೆ, ಎಲ್ಲಿಯೂ ಗಾಯಾಳು ಇರಲಿಲ್ಲ. ಆದರೆ ರೊಟ್ಟಿ ಬುಟ್ಟಿಯ ಅರಿವೆ ಎತ್ತಿದಾಗ ಒಣಗಿಸಿಟ್ಟ ಕಟಿರೊಟ್ಟಿಗಳ ಕೆಳಗೆ ಒಂದು ವಿಚಿತ್ರ ಯಂತ್ರ ಸಿಕ್ಕಿತು. ಕಪ್ಪು ಬಣ್ಣ, ಎರಡು ಕೈಯಲ್ಲಿ ಹಿಡಿಯಲು ಎರಡು ಕೊಂಬು, ಹೆಬ್ಬೆರಳಿಗೆ ಎರಡು ಗೂಟ, ಮೈತುಂಬ ಗುಂಡಿ, ಹಿಂದೊಂದು ಬಾಲದಂಥ ವಯರು. ಮಕ್ಕಳ ಆಟಿಕೆ ಎನ್ನೋಣವೆಂದರೆ ನಮಗಿನ್ನೂ ಮಕ್ಕಳಿರಲಿಲ್ಲ. ಇದ್ದಲ್ಲೇ ಇಟ್ಟು ರೊಟ್ಟಿ ಮುಚ್ಚಿದೆ. ಸಾಕ್ಷ್ಯವನ್ನು ಕೆಡಿಸಬಾರದು ಎಂಬುದು ನಮ್ಮ ದಳದ ಮೊದಲ ಪಾಠ.

ನಮ್ಮ ಲೈನ್‌ಮನ್ ಅಮಸಿದ್ದನ ಮುಂದೆ ಅದರ ವರ್ಣನೆ ಮಾಡಿದೆ. ಮನೆ ಯಾರದೆಂದು ಹೇಳಲಿಲ್ಲ. ಆತ, ದೂರದಿಂದಲೇ ಮೀಟರ್ ನಿಲ್ಲಿಸುವ ಹೊಸ ಯಂತ್ರ ಸೊಲ್ಲಾಪುರದ ಕಡೆಯಿಂದ ಬಂದಿದೆಯಂತೆ, ಅದೇ ಇರಬೇಕು ಎಂದ. ಆ ಮನೆಯ ಮೀಟರು ನಿಂತಿಲ್ಲ, ಓಡುತ್ತಿದೆ ಎಂದೆ.

"ಹಂಗಾರ ಉಲ್ಟಾ ಹಿಡದಾರ್ರಿ," ಎಂದ ಅಮಸಿದ್ದ.

ಇನ್ನು ದಾಳಿಯೊಂದೇ ದಾರಿ. ಮಧ್ಯಾಹ್ನ ಅಮಸಿದ್ದನನ್ನು ಕರೆದುಕೊಂಡು ನಮ್ಮ ಓಣಿಗೇ ಬಂದಾಗ ಆತ ನನ್ನ ಮುಖ ನೋಡಿದ, ಮನೆ ನೋಡಿದ, ಪಾಪ, ಹೆಗಲ ಮೇಲಿನ ಹಗ್ಗ ಸರಿಮಾಡಿಕೊಂಡ. ಆತ ಕಂಬ ಹತ್ತಬೇಕು. ನಾನು ಹಿತ್ತಿಲ ಕಿಟಕಿಯಲ್ಲಿ ಕಿವಿಯಿಟ್ಟು ಸಮಯ ನೋಡಿ ಟವೆಲ್ ಬೀಸಬೇಕು. ಬೀಸಿದ ಕೂಡಲೇ ಆತ ಫ್ಯೂಸು ಕೀಳಬೇಕು. ಒಳಗಿನ ಯಂತ್ರ ಯಾವುದೇ ಇರಲಿ, ನಿಲ್ಲುತ್ತದೆ. ಸರದಾರ ಯಾವನೇ ಇರಲಿ, ಗಾಬರಿಯಾಗಿ ಹೊರಗೆ ಬರುತ್ತಾನೆ. ಬಂದವನು ಬೀಳುವುದು ನನ್ನ ಕೈಗೆ.

ಕಿಟಕಿಗೆ ಒಳಗಿನಿಂದ ಪರದೆ ಇತ್ತು. ಕಾಣುವುದಿಲ್ಲ, ಕೇಳುತ್ತದೆ. ಕೇಳಿದ್ದು ನನ್ನ ಹೆಂಡತಿಯ ದನಿಯೇ, ಆದರೆ ನನ್ನ ಮುಂದೆ ಒಮ್ಮೆಯೂ ಬಳಸದ ದನಿ. ಅದರಲ್ಲಿ ಅಧಿಕಾರವಿತ್ತು, ಅಕ್ಕರೆಯಿತ್ತು.

"ಸರದಾರಾ, ನೀ ನುಗ್ಗು. ನಾ ನಿನ್ನ ಬೆನ್ನಿಗಿ ಅದೀನಿ. ನಿನ್ನ ಜೀವ ನನ್ನ ಕೈಯಾಗ ಐತಿ."

ನನಗೆ ಒಮ್ಮೆ ಜ್ವರ ಬಂದಾಗ ಈಕೆ ಗುಳಿಗೆ ಅಲ್ಲೇ ಇದೆ ತಗೊಳ್ಳಿ ಎಂದು ಅಡುಗೆಮನೆಯಿಂದಲೇ ಹೇಳಿದ್ದಳು! ಹೊಟ್ಟೆ ಉರಿಯಿತು. ನಿಜ ಹೇಳಬೇಕೆಂದರೆ ಉರಿಯ ಕೆಳಗೆ ಭಯವೂ ಇತ್ತು. ಒಳಗೆ ನಿಜವಾಗಿಯೂ ಯಾರಾದರೂ ಇದ್ದುಬಿಟ್ಟರೆ ನಾನು ಮಾಡುವುದೇನು ಎಂದು ಆಗ ಮೊದಲ ಸಲ ಹೊಳೆಯಿತು. ಆದರೆ ಕೈ ಅಷ್ಟರಲ್ಲಿ ಟವೆಲ್ ಬೀಸಿಬಿಟ್ಟಿತ್ತು.

ಅಮಸಿದ್ದ ಕಿತ್ತದ್ದು ನಮ್ಮ ಮನೆಯ ಫ್ಯೂಸನ್ನಲ್ಲ, ಇಡೀ ಓಣಿಯ ಫ್ಯೂಸನ್ನು. ಮೂಲೆಯ ಹಿಟ್ಟಿನ ಗಿರಣಿ ನರಳಿ ನಿಂತಿತು. ಜೋಹರಾಬಿಯ ಹೊಲಿಗೆ ಯಂತ್ರದ ಮೋಟಾರು ನಿಂತಿತು. ಹಾಗೆ ಇಡೀ ಓಣಿ ಗಪ್ಪಾದ ಹೊತ್ತಿಗೆ ಸರಿಯಾಗಿ ನಮ್ಮ ಮನೆಯೊಳಗಿಂದ ರಾಜೇಶ್ವರಿಯ ಕೂಗು ಬಂತು.

"ಅಯ್ಯೋ, ಸರದಾರ ಸತ್ತಾ!"

ನಾನು ಹಿತ್ತಿಲ ಬಾಗಿಲಿನಿಂದ ನುಗ್ಗಿದೆ. ಮುಂಬಾಗಿಲಿನಿಂದ ಓಣಿ ನುಗ್ಗಿತು. ಕರೆಂಟು ಯಾಕೆ ಹೋಯಿತೆಂದು ಹೊರಗೆ ಬಂದವರೆಲ್ಲ ಸಾವಿನ ಸುದ್ದಿ ಕೇಳಿ ಒಳಗೆ ಬಂದಿದ್ದರು. ಜೋಹರಾಬಿ ತಂಬಿಗೆಯಲ್ಲಿ ನೀರು ಹಿಡಿದಿದ್ದರು. ಗಿರಣಿಯ ಸಿದ್ದರಾಯ ಮೈತುಂಬ ಹಿಟ್ಟು ಬಡಿದುಕೊಂಡು ಬಂದಿದ್ದ. ಅವನನ್ನು ನೋಡಿ ಹಿಂದಿನಿಂದ ಬಂದ ಮುದುಕಿಯೊಬ್ಬಳು ದೆವ್ವವೆಂದು ಚೀರಿದಳು. ಹೆಣ ಎಲ್ಲಿ, ಯಾರ ಪೈಕಿ, ಮಣ್ಣು ಮಾಡುವುದು ಯಾವಾಗ ಎಂದು ತಲೆಗೊಂದು ಪ್ರಶ್ನೆ.

ಕೋಣೆಯಲ್ಲಿ ಇದ್ದವಳು ರಾಜೇಶ್ವರಿ ಒಬ್ಬಳೇ. ಕಿವಿಗೆ ಎರಡು ಬಟ್ಟಲು ಮುಚ್ಚಿದಂಥ ಹೆಡ್‌ಫೋನು, ಕೈಯಲ್ಲಿ ಆ ಕೊಂಬಿನ ಯಂತ್ರ, ಮುಂದೆ ಆಕೆಯ ಅಣ್ಣ ಕೊಟ್ಟಿದ್ದ ಕಂಪ್ಯೂಟರು. ಬಸವನ ಬಾಗೇವಾಡಿಯಲ್ಲಿ ಅವನದು ಕಂಪ್ಯೂಟರ್ ಅಂಗಡಿ. ಟೈಪಿಂಗ್ ಕಲಿಯಲಿ ಎಂದು ತಂಗಿಗೆ ತಂದಿಟ್ಟು, ಫೋನ್ ತಂತಿಗೆ ಇಂಟರ್ನೆಟ್ಟೂ ಜೋಡಿಸಿ ಹೋಗಿದ್ದ. ಅದರ ಮೇಲಿನ ಕಸೂತಿ ಹೊದಿಕೆ ತೆಗೆದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸರದಾರ ಎಲ್ಲಿ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನ್ ಗಂಟೆ ಬಾರಿಸಿತು. ಮನೆಯ ಹಳೆಯ ಫೋನಿಗೆ ನನ್ನ ಇಲಾಖೆಯ ಹಂಗಿಲ್ಲ ನೋಡಿ. ಹತ್ತಿರವಿದ್ದ ನಾನೇ ಎತ್ತಿದೆ.

"ರಾಜೀ, ನಾ ಸತ್ನೆವಾ. ನೀ ಎಲ್ಲಿ ಹೋಗಿದ್ದಿ?"

ಆ ದನಿ ಕೇಳಿ ನನ್ನ ಬೆನ್ನು ನೆಟ್ಟಗಾಯಿತು. ಅದು ಮುದ್ದೇಬಿಹಾಳದ ನನ್ನ ಮಾವ ಶ್ರೀಶೈಲಪ್ಪನವರ ದನಿ. ವರ್ಷಗಳಿಂದ ನಾನು ಕೇಳಿರದ ದನಿ. ಮದುವೆಯಾದ ಹೊಸತರಲ್ಲಿ ದೀಪಾವಳಿಗೆ ಅಳಿಯನೆಂದು ಕರೆದಿದ್ದರು. ಅಲ್ಲಿ ಆರತಿ ತಟ್ಟೆ ಬರುವುದರೊಳಗೆ ನಾನು ಸ್ಟೂಲ್ ಹತ್ತಿ ಅವರ ಮೀಟರಿನ ಸೀಲು ಪರೀಕ್ಷೆ ಮಾಡಿದ್ದೆ. ಸೀಲು ಸರಿಯಾಗಿತ್ತು. ಸಂಬಂಧ ಸರಿಯಾಗಿ ಉಳಿಯಲಿಲ್ಲ. ಅಂದಿನಿಂದ ರಾಜೇಶ್ವರಿಯ ಅಣ್ಣನೊಬ್ಬನನ್ನು ಬಿಟ್ಟರೆ ಎರಡೂ ಮನೆಗಳ ನಡುವೆ ಮಾತು ನಿಂತಿತ್ತು. ನಿಂತಿತ್ತೆಂದು ನಾನು ತಿಳಿದಿದ್ದೆ.

ನಾನು ಹಲೋ ಎಂದದ್ದೇ ತಡ, ದನಿ ಗುರುತು ಹಿಡಿದು ಮಾವ ಫೋನ್ ಇಟ್ಟುಬಿಟ್ಟರು. ತುಂಬಿದ ಓಣಿಯ ಮುಂದೆ ರಿಸೀವರ್ ಹಿಡಿದು ನಿಂತೆ. ಯಾರದೆಂದು ಜೋಹರಾಬಿ ಕೇಳಿದರು. ಸತ್ತವರದೇ ಎಂದೆ.

ಜನ ನಕ್ಕು, ಬೈದು, ಕರೆಂಟು ಯಾವಾಗ ಬರುತ್ತದೆಂದು ನನ್ನನ್ನೇ ಕೇಳಿ ಹೋದ ಮೇಲೆ ರಾಜೇಶ್ವರಿ ಎಲ್ಲ ಹೇಳಿದಳು. ಅದು ದೂರದೂರಿನವರು ಒಂದೇ ಹೊತ್ತಿಗೆ ಕೂಡಿ ಆಡುವ ಯುದ್ಧದ ಆಟ. ಮುಂದೆ ನಿಂತು ರಾಕ್ಷಸರ ಏಟು ತಿನ್ನುವವನು ಒಬ್ಬ. ಹಿಂದಿನಿಂದ ಬಾಣ ಬಿಡುವವರು ಇಬ್ಬರು, ಅವರು ಪುಣೆಯ ಕಡೆಯವರು. ಎಲ್ಲರಿಗಿಂತ ಹಿಂದೆ ನಿಂತು, ಯಾರ ಜೀವ ಇಳಿಯುತ್ತಿದೆ ನೋಡಿ ಔಷಧ ಹಾಕುವ ವೈದ್ಯೆ ಈಕೆ. ರೊಟ್ಟಿ ಬಡಿದ ಕೈಗೆ ಇಲಿಯಂಥ ಮೌಸು ನಿಲ್ಲದೆ ಜಾರುತ್ತಿತ್ತೆಂದು ಅಣ್ಣ ಈ ಕೊಂಬಿನ ಕಂಟ್ರೋಲರ್ ಕೊಟ್ಟಿದ್ದ. ಮುಂದೆ ನಿಂತು ಏಟು ತಿನ್ನುವ ಸರದಾರ ನನ್ನ ಮಾವ. ಪುಣೆಯ ಹುಡುಗರ ಮುಂದೆ ಅಪ್ಪ ಎಂದು ಕರೆದರೆ ಸೇನಾಧಿಪತಿಯ ಮಾನ ಹೋಗುತ್ತದೆಂದು ಅವರೇ ಕಟ್ಟಪ್ಪಣೆ ಮಾಡಿದ್ದರಂತೆ.

ಇದನ್ನು ನನ್ನಿಂದ ಯಾಕೆ ಮುಚ್ಚಿಟ್ಟೆ ಎಂದು ಗಟ್ಟಿಯಾಗಿಯೇ ಕೇಳಿದೆ. ಆಕೆ ಗಟ್ಟಿಯಾಗಿ ಉತ್ತರಿಸಲಿಲ್ಲ.

"ಅಪ್ಪ ಸಾಲ್ಯಾಗ ಪಿ.ಟಿ. ಮಾಸ್ತರ ಇದ್ದವ್ರು. ಖೋಖೋದಾಗ ಅವರ್ನ ಯಾರೂ ಮುಟ್ಟಾಕ ಆಗತಿರ್ಲಿಲ್ಲ. ಈಗ ಮೊಣಕಾಲ ಹೋಗ್ಯಾವ. ಅವರು ಓಡೂದು ಇದರಾಗ ಅಷ್ಟ. ಅದಕ್ಕೂ ನೀವು ಸೀಲ್ ಹಚ್ಚತಿದ್ರಿ."

ಹೊರಗೆ ಹೋಗಿ, ಕಂಬದ ಮೇಲೆ ಇನ್ನೂ ನನ್ನ ಟವೆಲ್ಲಿಗಾಗಿ ಕಾಯುತ್ತ ಕುಳಿತಿದ್ದ ಅಮಸಿದ್ದನಿಗೆ ಫ್ಯೂಸು ಹಾಕಲು ಹೇಳಿದೆ.

ಪ್ರಾಯಶ್ಚಿತ್ತ ರಾಜೇಶ್ವರಿಯೇ ಗೊತ್ತುಮಾಡಿದಳು. ರವಿವಾರ ಆಕೆ ಅಡುಗೆ ಮಾಡುವಾಗ ವೈದ್ಯೆಯ ಜಾಗದಲ್ಲಿ ನಾನು ಕೂರಬೇಕು, ಮಾವನ ಜೀವ ಉಳಿಸಬೇಕು, ಕೊನೆಗೆ ಅವರೊಡನೆ ಮಾತಾಡಬೇಕು. ಅದೆಷ್ಟರ ಕೆಲಸ ಎಂದೆ. ಇಡೀ ತಾಲೂಕಿಗೆ ಕರೆಂಟು ಹಂಚುವವನಿಗೆ ನಾಲ್ಕು ಜನರಿಗೆ ಔಷಧ ಹಂಚಲು ಬರುವುದಿಲ್ಲವೇ!

ಬರಲಿಲ್ಲ. ಎಡ ಹೆಬ್ಬೆರಳು ನಡೆಸುತ್ತದೆ, ಬಲ ಹೆಬ್ಬೆರಳು ತಲೆ ತಿರುಗಿಸುತ್ತದೆ. ಎರಡನ್ನೂ ಒಮ್ಮೆಗೇ ತಿರುವಿದ್ದಕ್ಕೆ ವೈದ್ಯೆ ಗೋಡೆಗೆ ಮುಖ ಹಚ್ಚಿ ನಡೆಯತೊಡಗಿದಳು. ಮೌಸಾದರೆ ಬೇಕಾದವರ ಹೆಸರಿನ ಮೇಲೇ ಒತ್ತಬಹುದಂತೆ. ಇದರಲ್ಲಿ ಹಾಗಲ್ಲ, ಮೇಲಿನ ಗುಂಡಿ ಒತ್ತಿ ಒತ್ತಿ ಒಬ್ಬೊಬ್ಬರನ್ನೇ ದಾಟಿ ಗಾಯಾಳುವಿನ ಹತ್ತಿರ ಹೋಗಬೇಕು. ಮಾವನ ಹೆಸರು ಬಂತೆನ್ನುವಷ್ಟರಲ್ಲಿ ಬೆರಳು ಇನ್ನೊಮ್ಮೆ ಒತ್ತಿ, ಔಷಧವೆಲ್ಲ ಮೈಮೇಲೆ ಗೀರೂ ಇಲ್ಲದ ಪುಣೆಯವನಿಗೆ ಹೋಗುತ್ತಿತ್ತು. ಒಮ್ಮೆ ನನಗೇ ಹಾಕಿಕೊಂಡೆ. ಏಟು ಬಿದ್ದಾಗಲೆಲ್ಲ ಕಂಟ್ರೋಲರ್ ಕೈಯಲ್ಲಿ ಗಡಗಡ ನಡುಗುತ್ತಿತ್ತು.

ಮಾವ ಸತ್ತರು. ಎದ್ದು ಬಂದು ಮತ್ತೆ ಸತ್ತರು. ಹೆಡ್‌ಫೋನಿನಲ್ಲಿ ಅವರ ದನಿ ಕೇಳಿತು. "ರಾಜೀ, ಇವತ್ತ ಔಷಧಾನ ಹತ್ತವಲ್ದಲ್ಲ. ಮೈಯಾಗ ಆರಾಮಿಲ್ಲೇನು?"

ಈಗಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದು ಹೆಡ್‌ಫೋನಿನ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡೆ. ರಾಜೇಶ್ವರಿ ಒಲೆಯ ಮುಂದಿದ್ದಾಳೆ, ನಾನು ಅನೀಲಕುಮಾರ, ಆ ದೀಪಾವಳಿಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ತೆರೆಯ ಮೇಲೆ ಕತ್ತಿ ಹಿಡಿದ ಸರದಾರ ನಿಧಾನವಾಗಿ ಹಿಂದಿರುಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಅಳಿಯಂದ್ರೇನ್ರಿ? ಚೊಲೋ ಆತು," ಎಂದರು ಮಾವ. "ಆದ್ರ ನಿಮಗ ಬೆನ್ನ ಕೊಟ್ಟು ನಿಲ್ಲೂವಷ್ಟು ಧೈರ್ಯ ನನಗಿಲ್ರಿ. ನೀವ ಮುಂದ ನಡೀರಿ. ನಾ ಹಿಂದಿಂದ ನೋಡ್ಕೋತ ಬರ್ತೇನಿ."

ಹಿರಿಯರ ಮಾತು, ತೆಗೆದುಹಾಕುವುದು ಹೇಗೆ? ಕೈಯಲ್ಲಿ ಔಷಧದ ಕೋಲು ಬಿಟ್ಟು ಬೇರೇನೂ ಇಲ್ಲದ ನನ್ನ ವೈದ್ಯೆ ಸೇನೆಯ ಮುಂದೆ ನಡೆದಳು. ಗುಹೆಯೊಳಗಿಂದ ಎತ್ತಿನಷ್ಟು ದೊಡ್ಡ ರಾಕ್ಷಸ ಬಂದ. ಗುಂಡಿಗಳನ್ನೆಲ್ಲ ಒಟ್ಟಿಗೇ ಒತ್ತಿದೆ. ಕಂಟ್ರೋಲರ್ ಒಂದೇ ಸಲ ಜೋರಾಗಿ ನಡುಗಿ ಸುಮ್ಮನಾಯಿತು. ಕಿವಿಯಲ್ಲಿ ಮಾವ ಕೆಮ್ಮು ಬರುವವರೆಗೆ ನಗುತ್ತಿದ್ದರು, ಹಿಂದೆ ನಿಂತವರು ಒಂದು ಹೆಜ್ಜೆಯನ್ನೂ ಮುಂದಿಟ್ಟಿರಲಿಲ್ಲ.

ಅಡುಗೆಮನೆಯಿಂದ ರಾಜೇಶ್ವರಿ ಬಗ್ಗಿ ನೋಡಿದಳು.

"ಸತ್ರೇನ್ರಿ? ಹಂಗಾರ ಎದ್ದು ಊಟಕ್ಕ ಬರ್ರಿ. ರೊಟ್ಟಿ ಆರಾಕತ್ತಾವ."