ಗಹುಂಜೆಗೆ ಹೋದ ಕಾಲ್ಗುಣ

ರಾತ್ರಿ ಎಲ್ಲರೂ ಮಲಗಿದ ಮೇಲೆ ದಿಂಬಿನ ಪಕ್ಕದಲ್ಲಿ ‘ಟಿಣ್’ ಎಂದಿತು. ಅಡುಗೆಮನೆಯಲ್ಲಿ ಚಮಚ ಬಿದ್ದರೂ ಅದಕ್ಕಿಂತ ಜೋರಾಗಿ ಕೇಳಿಸುತ್ತದೆ. ಆದರೆ ಮುರುಗೆಪ್ಪ ಆ ಸದ್ದಿಗಾಗಿಯೇ ಎಚ್ಚರವಾಗಿದ್ದ. ಪುಣೆಯ ಧನಕವಡಿಯ ತಮ್ಮ ಸೊಸೈಟಿಯ ಕನ್ನಡ ಮನೆಗಳ ವಾಟ್ಸಾಪ್ ಗುಂಪಿಗೆ ಅವನು ಸಂಜೆ, ಊರೂರಿನ ಕ್ರಿಕೆಟ್ ಮೈದಾನಗಳಲ್ಲಿ ತೆಗೆಸಿಕೊಂಡ ತನ್ನ ಫೋಟೋಗಳನ್ನು ಕಳಿಸಿದ್ದ. ಯಾರಾದರೂ ಹೊಗಳಿಯಾರು ಎಂದು ಆಗಿನಿಂದ ಕಾದಿದ್ದ.

ಮುರುಗೆಪ್ಪ ಸ್ವಾರಗೇಟ ಹತ್ತಿರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ಅಲ್ಲಿ ಚಹಾ ಬಂದರೆ ಅವನ ಟೇಬಲ್ಲಿಗೆ ಬರುವ ಹೊತ್ತಿಗೆ ಆರಿರುತ್ತಿತ್ತು. ಆದರೆ ರಜೆ ಸಿಕ್ಕಿತೆಂದರೆ ಅವನು ಬೇರೆಯೇ ಮನುಷ್ಯ. ಕರ್ನಾಟಕದ ಕ್ರಿಕೆಟ್ ತಂಡ ಎಲ್ಲಿ ಆಡುತ್ತದೋ ಅಲ್ಲಿಗೆ ರೈಲು ಹತ್ತುತ್ತಿದ್ದ. ರಾಜಕೋಟ, ಇಂದೂರ, ನಾಗಪುರ, ಚೆನ್ನೈ, ಎಲ್ಲವೂ ಆಗಿದ್ದವು. ಯಾವ ಸ್ಟೇಡಿಯಮ್ಮಿನ ಯಾವ ಕಟ್ಟೆಗೆ ಮಧ್ಯಾಹ್ನ ನೆರಳು ಬರುತ್ತದೆ, ಯಾವ ಗೇಟಿನ ಹೊರಗೆ ಅವಲಕ್ಕಿ ಚೆನ್ನಾಗಿರುತ್ತದೆ ಎಂದು ಅವನು ಹೇಳತೊಡಗಿದರೆ ಜನ ಮನೆಗೆ ಹೋಗುವುದನ್ನೇ ಮರೆಯುತ್ತಿದ್ದರು. ಪಂದ್ಯ ಏನಾಯಿತು ಎಂದು ಮಾತ್ರ ಅವನು ಹೇಳುತ್ತಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಮರುದಿನ ಭಾನುವಾರ ಕರ್ನಾಟಕ-ಮಹಾರಾಷ್ಟ್ರ ಏಕದಿನ ಪಂದ್ಯ ಪುಣೆಯ ಗಹುಂಜೆ ಮೈದಾನದಲ್ಲೇ ಇತ್ತು. ಸೊಸೈಟಿಯ ಕನ್ನಡದವರೆಲ್ಲ ಒಂದು ಟೆಂಪೋ ಗೊತ್ತು ಮಾಡಿದ್ದರು. ಮುಂದಾಳು ಯಾರು ಎಂಬ ಪ್ರಶ್ನೆಯೇ ಹುಟ್ಟಿರಲಿಲ್ಲ.

ಮುರುಗೆಪ್ಪ ಮೊಬೈಲು ತೆಗೆದು ನೋಡಿದ. ಬರೆದವನು ಮೂರನೇ ಮಹಡಿಯ ಮಧುಕರ್. ಮೈಸೂರು ಕಡೆಯ ಹುಡುಗ, ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವನ ನೌಕರಿ. ‘ಅಂಕಲ್, ಫೋಟೋಸ್ ಸೂಪರ್. ಒಂದೇ ಡೌಟು. ನಿಮ್ಮ ಹಿಂದೆ ಇರೋ ಸ್ಕೋರ್‌ಬೋರ್ಡನ್ನ ಝೂಮ್ ಮಾಡಿ ನೋಡ್ದೆ. ಎಲ್ಲಾ ಫೋಟೋದಲ್ಲೂ ಕರ್ನಾಟಕ ಸೋತಿದೆ. ನೀವು ಹೋಗಿ ಗೆದ್ದಿದ್ದು ಯಾವ್ದಾದ್ರೂ ಇದ್ಯಾ?’

ಇರಲಿಲ್ಲ. ಮುರುಗೆಪ್ಪನಿಗೆ ಅದು ಎಷ್ಟೋ ವರ್ಷದಿಂದ ಗೊತ್ತಿತ್ತು. ಹೊಟ್ಟೆಯೊಳಗಿನ ಕಲ್ಲಿನಂತೆ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ. ಉತ್ತರ ಬರೆಯಲು ಬೆರಳು ಎತ್ತುವಷ್ಟರಲ್ಲಿ ಟಿಣ್ ಟಿಣ್ ಎಂದು ಸುರಿಮಳೆಯಾಯಿತು. ‘ಕಾಲ್ಗುಣ’ ಎಂಬ ಪದವನ್ನು ಯಾರು ಮೊದಲು ಬರೆದರೋ, ಬೆಳಗಾಗುವುದರೊಳಗೆ ಅದೇ ಅವನ ಅಡ್ಡಹೆಸರಾಗಿತ್ತು.

ಬರೀ ನಗೆಯಾಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದ. ಆದರೆ ಕೆಳಗಿನ ಮನೆಯ ಬಸವಣ್ಣೆವ್ವ ಸೋಮವಾರ ಮುಂಜಾನೆ ರಸ್ತೆಯಂಚಿಗೆ ಜೋಳದ ರೊಟ್ಟಿಯ ಖಾನಾವಳಿ ತೆರೆಯುವವಳಿದ್ದಳು. ಮೊದಲನೆಯ ಗಿರಾಕಿಯಾಗಿ ಕುಳಿತು ಬೋಣಿ ಮಾಡಲು ಅವಳು ಕರೆದದ್ದು ಮುರುಗೆಪ್ಪನನ್ನು. “ಊರೂರು ತಿರುಗಿದ ಕಾಲು, ಭಾಳ ಚಲೋ ಕಾಲು” ಅಂದಿದ್ದಳು. ಜೀವನದಲ್ಲಿ ಯಾರೂ ಅವನನ್ನು ಯಾವುದಕ್ಕೂ ಮೊದಲನೆಯವನಾಗಿ ಕರೆದಿರಲಿಲ್ಲ. ಒಂದು ವಾರದಿಂದ ಅವನು ಮೆಟ್ಟಿಲನ್ನು ಕೂಡ ಸ್ವಲ್ಪ ಎದೆಯೆತ್ತಿ ಇಳಿಯುತ್ತಿದ್ದ. ಬೋಣಿಗೆಂದೇ ಬಿಳಿ ಅಂಗಿ ಇಸ್ತ್ರಿಯಾಗಿ ಬಾಗಿಲ ಹಿಂದೆ ತೂಗುತ್ತಿತ್ತು.

ಬೆಳಿಗ್ಗೆ ಬಸವಣ್ಣೆವ್ವ ರೊಟ್ಟಿಗಂಟು ಹಿಡಿದು ಟೆಂಪೋ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ಅದನ್ನು ನೋಡಲು ಮುರುಗೆಪ್ಪನಿಗೆ ಇನ್ನೂ ಕಷ್ಟವಾಯಿತು.

“ಮುರುಗೆಪ್ಪ, ನಾ ಇದನ್ನೆಲ್ಲಾ ನಂಬಾಕಿ ಅಲ್ಲಪಾ. ಆದರ ಬೋಣಿ ಅಂದ್ರ ಬೋಣಿನ. ಇವತ್ತ ನೀ ಕುಂತಲ್ಲಿ ನಮ್ಮವರು ಗೆದ್ದರ, ನಾಳೆ ಮೊದಲನೇ ತಾಟು ನಿಂದ. ಇಲ್ಲಾಂದ್ರ ಮಧ್ಯಾಹ್ನ ಬಾ. ಊಟ ಏನು ಓಡಿ ಹೋಗೂದಿಲ್ಲ.”

“ಹೌದ್ರೀ ಅಕ್ಕಾರ” ಎಂದ ಮುರುಗೆಪ್ಪ. ಮುಂದಾಳಿಗೆಂದು ಬಿಟ್ಟಿದ್ದ ಮುಂದಿನ ಸೀಟಿನಲ್ಲಿ ಈಗ ರೊಟ್ಟಿಗಂಟು ಕುಳಿತಿತ್ತು. ಅವನು ಹಿಂದೆ ಹೋಗಿ ಸ್ಟೆಪ್ನಿ ಟೈರಿನ ಜೊತೆ ಕುಳಿತ. ದೇಹೂ ರೋಡ್ ದಾಟುವವರೆಗೆ ಯಾರೂ ಅವನಿಗೆ ಒಂದು ಸ್ಟೇಡಿಯಮ್ಮಿನ ಕತೆಯನ್ನೂ ಕೇಳಲಿಲ್ಲ.

ಬಲಗಾಲಿಟ್ಟು ಒಳಗೆ ಹೋಗಿರೆಂದು ಹೆಂಡತಿ ತ್ರಿವೇಣಿ ಮನೆಯಲ್ಲೇ ಹೇಳಿ ಕಳಿಸಿದ್ದಳು. ಟೆಂಪೋದಲ್ಲಿ ಕುಳಿತರೆ ತಲೆ ಸುತ್ತುವ ಕಾರಣ ಅವಳು ಬಂದಿರಲಿಲ್ಲ. ಗೇಟಿನಲ್ಲಿ ಮುರುಗೆಪ್ಪ ಬಲಗಾಲನ್ನು ಎತ್ತಿ ಹಿಡಿದು ಒಳ್ಳೆಯ ಗಳಿಗೆ ಕಾದ. ಜೇಬು ತಡವುತ್ತಿದ್ದ ಕಾವಲುಗಾರ, ಈ ಮನುಷ್ಯ ಕೊಕ್ಕರೆಯ ಹಾಗೆ ಯಾಕೆ ನಿಂತಿದ್ದಾನೆಂದು ತಿಳಿಯದೆ ಬೆನ್ನಿಗೆ ಕೈಹಚ್ಚಿ ಮುಂದೆ ತಳ್ಳಿದ. ಎಡಗಾಲು ಒಳಗೆ ಬಿತ್ತು. ಯಾರಾದರೂ ನೋಡಿದರೇ ಎಂದು ಮುರುಗೆಪ್ಪ ತಿರುಗಿದ. ಎಲ್ಲರೂ ನೋಡಿದ್ದರು.

ಅಂದು ಟಿಕೆಟ್ಟಿರಲಿಲ್ಲ, ಬೇಕಾದಲ್ಲಿ ಕುಳಿತುಕೊಳ್ಳಬಹುದಿತ್ತು. ಕನ್ನಡದವರೆಲ್ಲ ಒಂದು ಕಡೆ ಸೇರಿದರು. ಕರ್ನಾಟಕದ ಬ್ಯಾಟಿಂಗು ಮೊದಲು. ಮುರುಗೆಪ್ಪ ಕುರ್ಚಿಗೆ ಬೆನ್ನು ಹಚ್ಚುವ ಮೊದಲೇ ಮೊದಲನೆಯ ಚೆಂಡು ಬಂತು, ಸ್ಟಂಪು ಹಾರಿತು. ಆಗ ಯಾರೂ ಮೈದಾನ ನೋಡಲಿಲ್ಲ. ಹೊಲದ ಸೂರ್ಯಕಾಂತಿಗಳು ಹೊರಳಿದ ಹಾಗೆ ಎಲ್ಲ ಮುಖಗಳೂ ಅವನತ್ತ ಹೊರಳಿದವು.

ಅವನು ಮೂತ್ರಕ್ಕೆಂದು ಎದ್ದು ಹೋದ. ಒಳಗಿದ್ದಾಗ ಹೊರಗೆ ಕೇಕೆ ಕೇಳಿತು. ಇನ್ನೊಂದು ಕೇಕೆ. ಎರಡು ಬೌಂಡರಿ. ಖುಷಿಯಿಂದ ಕೈ ತೊಳೆಯುವುದನ್ನೂ ಮರೆತು ಓಡಿ ಬಂದು ಕುಳಿತ. ಆ ಚೆಂಡಿಗೇ ರನೌಟ್.

ಮಧುಕರ್ ಹತ್ತಿರ ಬಂದು ಬಗ್ಗಿ, ಆಸ್ಪತ್ರೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: “ಅಂಕಲ್, ಪರ್ಸನಲಿ ನಾನು ಇದನ್ನೆಲ್ಲಾ ಬಿಲೀವ್ ಮಾಡಲ್ಲ. ಜಸ್ಟ್ ಟೆಸ್ಟಿಂಗ್ ಪರ್ಪಸ್‌ಗೆ, ಒಂದೈದು ನಿಮಿಷ ಆ ಮೆಟ್ಟಿಲ ಹತ್ರ ನಿಂತ್ಕೋತೀರಾ?”

ಮುರುಗೆಪ್ಪ ಬಸವಣ್ಣೆವ್ವನ ಕಡೆ ನೋಡಿದ. ಅವಳು ಸೀರೆಯ ಸೆರಗಿನ ಅಂಚನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು.

ಅವನು ಮೆಟ್ಟಿಲಿಗೆ ಹೋದ. ಸಿಕ್ಸರ್ ಬಂತು. ಮೆಟ್ಟಿಲಿನಿಂದ ಕುತ್ತಿಗೆ ಚಾಚಿ ಇಣುಕಿದ, ಕ್ಯಾಚು ಹೋಯಿತು. ಅಲ್ಲಿಂದ ಮಧುಕರನ ಫೋನು ಶುರುವಾಯಿತು. ಈಗ ಎಲ್ಲಿದ್ದೀರಿ, ಚಹಾದಂಗಡಿ ಹತ್ತಿರವೇ, ಇನ್ನೊಂದು ಸ್ವಲ್ಪ ಹಿಂದೆ ಹೋಗಿ. ಚಹಾದಂಗಡಿಯಿಂದ ನೀರಿನ ನಲ್ಲಿಗೆ, ನಲ್ಲಿಯಿಂದ ಗೇಟಿಗೆ. ಅವನು ಹಿಂದೆ ಸರಿದಷ್ಟೂ ರನ್ನು ಮುಂದೆ ಓಡಿತು. ಕರ್ನಾಟಕದ ಬ್ಯಾಟಿಂಗು ಮುಗಿಯುವ ಹೊತ್ತಿಗೆ ಮುರುಗೆಪ್ಪ ವಾಹನ ನಿಲ್ಲಿಸುವ ಬಯಲಿನಲ್ಲಿ, ಕಿಟಕಿಯಿಂದ ಕಾಲು ಹೊರಗೆ ಚಾಚಿ ಮಲಗಿದ್ದ ಟೆಂಪೋ ಡ್ರೈವರನ ಪಾದಗಳ ಕೆಳಗೆ ನಿಂತಿದ್ದ. ಡ್ರೈವರ ಒಂದು ಕಣ್ಣು ತೆರೆದು, ಮೈಯಲ್ಲಿ ಹುಷಾರಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದ. ಬಿಸಿಲು ತಡೆಯಲಿಲ್ಲ ಎಂದು ಹೇಳಿ ಮುರುಗೆಪ್ಪ ಬಿಸಿಲಿನಲ್ಲೇ ನಿಂತ.

ದೇಶದ ಅರ್ಧ ಮೈದಾನಗಳನ್ನು ಕಂಡವನು ಮನೆಯ ಹತ್ತಿರದ ಮೈದಾನವನ್ನು ಗೋಡೆಯ ಹೊರಗಿನಿಂದ ಕೇಳಬೇಕಾಗಿತ್ತು. ಇಷ್ಟು ಮಾಡಿದರೂ ಬೋಣಿಯ ಲೆಕ್ಕಕ್ಕೆ ಇದು ಬರುತ್ತದೆಯೇ ಎಂಬುದೇ ಅವನ ಚಿಂತೆ. ‘ನೀ ಕುಂತಲ್ಲಿ ಗೆದ್ದರ’ ಎಂದಿದ್ದಳು ಬಸವಣ್ಣೆವ್ವ. ಅವನು ಕುಳಿತೇ ಇರಲಿಲ್ಲ.

ಎರಡನೆಯ ಸರದಿ ಅರ್ಧ ದಾಟಿದಾಗ ಒಂದು ಜೀಪು ಬಂದು ನಿಂತು, ಕೇಸರಿ ಟೊಪ್ಪಿಗೆಯ ಗುಂಪೊಂದು ಇಳಿಯಿತು. ಅದರಲ್ಲಿದ್ದವನು ಮನೋಜ ಸಾಳುಂಖೆ, ಆಫೀಸಿನಲ್ಲಿ ಮುರುಗೆಪ್ಪನ ಪಕ್ಕದ ಟೇಬಲ್ಲಿನವನು.

“ಅರೇ ಮುರುಗೆಪ್ಪಾ ಸಾಹೇಬ, ಇಥೇ ಕಾಯ ಕರತಾಯ?”

ಇಲ್ಲೇನು ಮಾಡುತ್ತಿದ್ದೀರಿ ಎಂದು ಕೇಳಿದವನಿಗೆ ಏನಾದರೂ ಹೇಳಲೇಬೇಕಿತ್ತು. ನನ್ನವರೇ ನನ್ನನ್ನು ಹೊರಗೆ ಹಾಕಿದರು ಎನ್ನುವುದಕ್ಕಿಂತ ಒಳಗೆ ಜಾಗ ಸಿಗಲಿಲ್ಲ ಎನ್ನುವುದು ಹಗುರವಾಗಿತ್ತು. ಹಾಗೆಂದ. ಮನೋಜನಿಗೆ ಕನಿಕರವಾಯಿತು. ತಮ್ಮ ಕಡೆ ಬೇಕಾದಷ್ಟು ಜಾಗ ಇದೆ ಎನ್ನುತ್ತ, ಮುರುಗೆಪ್ಪ ಬೇಡವೆನ್ನುವಷ್ಟರಲ್ಲಿ ಒಂದು ಕೇಸರಿ ಟೊಪ್ಪಿಗೆಯನ್ನು ಅವನ ತಲೆಗಿಟ್ಟು, ತೋಳು ಹಿಡಿದು ಆಚೆ ಗೇಟಿನಿಂದ ಒಳಗೆ ಎಳೆದುಕೊಂಡು ಹೋದ. ಈ ಸಲ ಯಾವ ಕಾಲು ಮೊದಲು ಒಳಗೆ ಹೋಯಿತೆಂದು ಅವನಿಗೂ ಗೊತ್ತಾಗಲಿಲ್ಲ.

ಅಲ್ಲಿ ಮದುವೆಮನೆಯ ಸಂಭ್ರಮವಿತ್ತು. ಮಹಾರಾಷ್ಟ್ರದ ಬ್ಯಾಟುಗಾರರು ಆರಾಮಾಗಿ ಆಡುತ್ತಿದ್ದರು. ಗೆಲುವು ಬಡಿಸಿಟ್ಟ ತಾಟಿನಂತೆ ಮುಂದೆಯೇ ಇತ್ತು, ಕೈ ಹಾಕುವುದಷ್ಟೇ ಬಾಕಿ. ಮನೋಜ ಅವನನ್ನು ಒಳ್ಳೆಯ ಕುರ್ಚಿ ನೋಡಿ ಕೂರಿಸಿದ.

ಕೂತ ಓವರಿನಲ್ಲೇ ವಿಕೆಟ್ಟು ಬಿತ್ತು.

ಮುರುಗೆಪ್ಪ ತನಗರಿವಿಲ್ಲದೆ ಅರ್ಧ ಎದ್ದ. ಸುತ್ತಲಿನ ಮುಖಗಳನ್ನು ನೋಡಿ, ಎದ್ದದ್ದು ಸಿಟ್ಟಿನಿಂದ ಎಂಬಂತೆ ತೊಡೆಗೆ ಹೊಡೆದುಕೊಂಡು ಕುಳಿತ. ಮುಂದಿನ ಓವರಿನಲ್ಲಿ ಮತ್ತೊಂದು. ಎದೆಯೊಳಗೆ ಏನೋ ಉಬ್ಬುತ್ತಿತ್ತು. ಅದು ಮುಖಕ್ಕೆ ಬರಬಾರದೆಂದು ಅವನು ಎಲ್ಲರಿಗಿಂತ ಜೋರಾಗಿ “ಚಲಾ, ಮಹಾರಾಷ್ಟ್ರ” ಎಂದು ಕೂಗಿದ. ಕೂಗಿದ ಬಾಯಿ ತನ್ನದೇ ಎಂದು ನಂಬಲಾಗದೆ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಕ್ಯಾಮೆರಾ ಇತ್ತ ತಿರುಗಿ ದೊಡ್ಡ ಪರದೆಯ ಮೇಲೆ ಇವರ ಸಾಲು ಮೂಡಿತು. ಮುರುಗೆಪ್ಪ ಪಕ್ಕದವನ ಬಾವುಟ ಎಳೆದುಕೊಂಡು ಮುಖ ಮುಚ್ಚಿದ. ದುಃಖ ತಡೆಯಲಾಗದೆ ಅಳುತ್ತಿದ್ದಾನೆಂದುಕೊಂಡು ಮನೋಜ ಬೆನ್ನು ಸವರಿದ.

ಬಾವುಟದೊಳಗೆ ಫೋನು ಹೊಡೆದುಕೊಂಡಿತು. “ಅಂಕಲ್, ಎಲ್ಲಿದ್ದೀರೋ ಅಲ್ಲೇ ಇರಿ, ಪ್ಲೀಸ್ ಅಲ್ಲಾಡಬೇಡಿ” ಎಂದ ಮಧುಕರ್. “ಟೆಂಪೋ ಹತ್ರಾನೇ ಇದ್ದೀರಿ ತಾನೇ? ಏನದು ಅಷ್ಟು ಗಲಾಟೆ?”

“ಡ್ರೈವರ ರೇಡಿಯೋ ಹಚ್ಯಾನ” ಎಂದ ಮುರುಗೆಪ್ಪ. ಇಷ್ಟು ವಯಸ್ಸಿಗೆ ಒಬ್ಬ ಹುಡುಗನಿಗೆ, ಬಾವುಟದೊಳಗಿನಿಂದ, ಸುಳ್ಳು ಹೇಳಿದ್ದ.

ವಿಕೆಟ್ಟುಗಳು ಉದುರುತ್ತಲೇ ಹೋಗಿ, ಕೊನೆಯ ಓವರಿನಲ್ಲಿ ಮಹಾರಾಷ್ಟ್ರದ ಕೊನೆಯ ಜೋಡಿ ಆಡುತ್ತಿತ್ತು. ಚೆಂಡು ಬಹಳ ಎತ್ತರಕ್ಕೆ ಹೋಯಿತು. ಮೈದಾನದಾಚೆಯ ಗುಡ್ಡದ ಮೇಲಿನ ಇಳಿಬಿಸಿಲಿನಲ್ಲಿ ಒಂದು ಕ್ಷಣ ನಿಂತೇಬಿಟ್ಟಿತು ಅನಿಸಿತು. ಕೆಳಗೆ ಕರ್ನಾಟಕದ ಹುಡುಗನೊಬ್ಬ ಎರಡೂ ಕೈ ಜೋಡಿಸಿ ಕಾಯುತ್ತಿದ್ದ. ಚೆಂಡು ಬಂದು ಕೈಯಲ್ಲಿ ಕುಳಿತಿತು. ಕರ್ನಾಟಕ ಗೆದ್ದಿತು.

ಮುರುಗೆಪ್ಪ ಕಣ್ಣಾರೆ ಕಂಡ ಮೊದಲ ಗೆಲುವು. ಅವನಿಗೆ ಗೆಲುವಿಗಿಂತಲೂ ಮೊದಲು ಹೊಳೆದದ್ದು ಬಿಳಿ ಅಂಗಿ. ನಾನು ಮೈದಾನದ ಒಳಗೇ ಇದ್ದೆ, ಕುಳಿತೇ ಇದ್ದೆ, ನಮ್ಮವರು ಗೆದ್ದರು. ಕಾಲ್ಗುಣ ಎಂಬುದೆಲ್ಲ ಸುಳ್ಳಾಯಿತು. ಈಗಲೇ ಓಡಿಹೋಗಿ ಹೇಳಬೇಕು.

ಆಗ ಹಿಂದಿನ ಸಾಲಿನಲ್ಲಿ ಯಾರೋ, “ಹಾ ಮಾಣೂಸ ಆಲಾ ಆಣಿ ಸಗಳಂ ಬಿಘಡಲಂ. ಕಾಯ ಪಾಯಗುಣ” ಎಂದರು. ಪುಣೆಯಲ್ಲಿ ಇಷ್ಟು ವರ್ಷ ಕಳೆದ ಮುರುಗೆಪ್ಪನಿಗೆ, ಈ ಮನುಷ್ಯ ಬಂದ, ಎಲ್ಲ ಕೆಟ್ಟಿತು ಎಂಬ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾಯಗುಣವನ್ನಂತೂ ಹೇಳಬೇಕಾಗಿರಲೇ ಇಲ್ಲ. ಮನೋಜ ನೆಲ ನೋಡುತ್ತ ಅವನ ತಲೆಯಿಂದ ಟೊಪ್ಪಿಗೆಯನ್ನು ಮೆಲ್ಲಗೆ ತೆಗೆದುಕೊಂಡ. ಸಿಟ್ಟಾಗಬೇಡಿ, ಮುಂದಿನ ಸಲ ನೀವು ನಿಮ್ಮವರ ಕಡೆಗೇ ಕುಳಿತುಕೊಳ್ಳಿ ಎಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದ.

ಮುರುಗೆಪ್ಪನ ಖುಷಿ ಸೂಜಿ ಚುಚ್ಚಿದ ಬಲೂನಿನಂತೆ ಇಳಿಯಿತು. ಒಳಗಿದ್ದದ್ದು ನಿಜ. ಕುಳಿತದ್ದೂ ನಿಜ. ಆದರೆ ಯಾರ ಜೊತೆ ಕುಳಿತಿದ್ದನೋ ಅವರೇ ಸೋತಿದ್ದರು. ಇಷ್ಟು ದಿನ ಅನುಮಾನವಾಗಿದ್ದದ್ದು ಈಗ ಖಾತ್ರಿಯಾಗಿತ್ತು.

ಬೇರೆಯವರು ಬರುವ ಮೊದಲೇ ಅವನು ಟೆಂಪೋ ಸೇರಿಕೊಂಡ. ಕನ್ನಡದವರು ಕುಣಿಯುತ್ತ ಬಂದು ಅವನನ್ನು ಹೆಗಲ ಮೇಲೆ ಎತ್ತಿದರು. ಮುಂದಿನ ಸೀಟು ಅವನದಾಯಿತು. ಇಂಥ ತ್ಯಾಗ ಯಾರು ಮಾಡುತ್ತಾರೆ, ಬಿಸಿಲಿನಲ್ಲಿ ಒಂದು ಹೆಜ್ಜೆ ಅಲ್ಲಾಡದೆ ನಿಂತರಲ್ಲ ಎಂದರು ಎಲ್ಲರೂ. ಪ್ರತಿಯೊಂದು ಹೊಗಳಿಕೆಗೂ ಅವನ ತಲೆ ಒಂದೊಂದು ಇಂಚು ತಗ್ಗುತ್ತಿತ್ತು. ವಿನಯ ಎಂದುಕೊಂಡರು.

ಬಸವಣ್ಣೆವ್ವ ಪಕ್ಕಕ್ಕೆ ಬಂದು ಕುಳಿತು, ಶೇಂಗಾ ಹೋಳಿಗೆಯನ್ನು ಕೈಯಲ್ಲಿಟ್ಟಳು. “ನಾ ಬೋಣಿ ವಿಚಾರ ಮಾಡೇನಿ, ಮುರುಗೆಪ್ಪ.”

ಅವನ ಕೈ ಬಾಯಿಯ ಹತ್ತಿರವೇ ನಿಂತಿತು.

“ನೀ ನನ್ನ ಖಾನಾವಳಿಗೆ ಬರಬ್ಯಾಡ. ಎದರಿಗೆ ಒಬ್ಬಾವ ಮಿಸಳ ಪಾವಿನ ಹೋಟೆಲ್ ಹಾಕ್ಯಾನ, ಅವಂದೂ ನಾಳೆನ ಸುರು. ಮುಂಜಾನೆ ಹೋಗಿ ಅಲ್ಲೆ ಮೊದಲನೇ ತಾಟಿಗೆ ಕುಂದ್ರು. ಹೊಟ್ಟಿ ತುಂಬ ತಿಂದು, ಭಾಳ ಹೊತ್ತು ಕುಂತು ಬಾ. ನಮ್ಮ ಸಲುವಾಗಿ ಇಷ್ಟು ಮಾಡಿದಿ, ಇದೊಂದ ಮಾಡು.”

“ಸೂಪರ್ ಐಡಿಯಾ ಅಮ್ಮ” ಎಂದ ಹಿಂದಿನಿಂದ ಮಧುಕರ್. “ಆದ್ರೆ ಆಪೋಸಿಟ್ ಸೈಡಲ್ಲಿ ಕೂರಿಸಿದ್ರೆ ವರ್ಕ್ ಆಗುತ್ತಾ ಅನ್ನೋದು ಇನ್ನೂ ಟೆಸ್ಟ್ ಆಗಿಲ್ಲ.”

ಮುರುಗೆಪ್ಪ ಹೋಳಿಗೆಯನ್ನು ಪೂರ್ತಿ ಬಾಯಿಗೆ ತುಂಬಿಕೊಂಡ.

ಮನೆಯಲ್ಲಿ ತ್ರಿವೇಣಿ ಕಾಯುತ್ತಿದ್ದಳು. ಅವನು ಎಲ್ಲಿಂದ ಬಂದರೂ ಕಾಲು ತೊಳೆಯುವ ಮೊದಲೇ ಕತೆ ಕೇಳುವವಳು ಅವಳೊಬ್ಬಳೇ. “ನಮ್ಮವರು ಗೆದ್ದರಂತ. ಹೇಳ್ರಿ, ಹ್ಯಾಂಗಿತ್ತು?”

ಅವನ ಕಣ್ಣ ಮುಂದೆ ಆ ಚೆಂಡು ಇಳಿಬಿಸಿಲಿನಲ್ಲಿ ನಿಂತೇ ಇತ್ತು. ಇಷ್ಟು ವರ್ಷಗಳಲ್ಲಿ ಅವಳಿಗೆ ಹೇಳಲು ಸಿಕ್ಕ ಒಂದೇ ಒಂದು ಗೆಲುವು. ಅದನ್ನು ಹೇಳಿದರೆ ಎಲ್ಲಿ ಕುಳಿತು ನೋಡಿದಿರಿ ಎಂದು ಅವಳು ಕೇಳುತ್ತಾಳೆ. ಅಲ್ಲಿಂದ ಟೊಪ್ಪಿಗೆ ಬರುತ್ತದೆ, ಬಾವುಟ ಬರುತ್ತದೆ, ತಾನು ಕೂಗಿದ್ದು ಬರುತ್ತದೆ.

“ನಾ ಹೊರಗ ಇದ್ನಲ್ಲ” ಎಂದ. “ಏನೂ ಕಾಣಲಿಲ್ಲ.”

ಅವಳು ಪಾಪ ಎಂದು ಬಿಸಿನೀರು ತರಲು ಎದ್ದಳು. ಮುರುಗೆಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಇದನ್ನು ಯಾರಿಗೂ, ಇವಳಿಗೂ, ಎಂದೆಂದಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದ.