ಅಧ್ಯಕ್ಷೆಯ ಬಾಯಿಕಟ್ಟು

ಒರೋವಾ ದೇಶದ ಅಧ್ಯಕ್ಷೆ ವಿನೈಸಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಮೂಲ ಒಂದು ಹಂದಿಯ ಕಿವಿ.

ಅದು ಸ್ವಾತಂತ್ರ್ಯದ ದಿನ. ವಿನೈಸಿ ಬೇಗ ಎದ್ದು, ತಲೆ ಬಾಚಿ, ಕಿವಿಯ ಹಿಂದೆ ದಾಸವಾಳ ಸಿಕ್ಕಿಸಿಕೊಂಡು, ಕನ್ನಡಿಯ ಮುಂದೆ ನಿಂತು ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು: “ಕರ್ನಲ್ ತೆವಿತಾ, ಈ ಕ್ಷಣದಿಂದ ನೀವು ಸೇನಾಪತಿಯಲ್ಲ.” ಮುಖ್ಯೋಪಾಧ್ಯಾಯಿನಿಯಾಗಿ ಅರ್ಧ ದೇಶವನ್ನು ಬೆಂಚಿನ ಮೇಲೆ ನಿಲ್ಲಿಸಿದ ಬಾಯಿ ಅದು. ಇವತ್ತು ಈ ಒಂದು ವಾಕ್ಯಕ್ಕೆ ಒಣಗುತ್ತಿತ್ತು.

ಒರೋವಾಕ್ಕೆ ಶತ್ರುಗಳಿಲ್ಲ. ಸುತ್ತ ಸಮುದ್ರ, ಸಮುದ್ರದಲ್ಲಿ ಮೀನು. ಆದರೂ ಒಂದು ಸೈನ್ಯವಿತ್ತು. ಸೈನ್ಯ ಅಂತ ಇದ್ದಮೇಲೆ ಅದಕ್ಕೆ ಏನಾದರೂ ಕೆಲಸ ಬೇಕಲ್ಲ, ಆಗಾಗ ಸರ್ಕಾರ ಬೀಳಿಸುತ್ತಿತ್ತು. ವಿನೈಸಿಗಿಂತ ಹಿಂದಿನ ಅಧ್ಯಕ್ಷರು ಗಾಳ ಹಾಕಲು ಹೋಗಿ ಸಂಜೆ ಮನೆಗೆ ಬಂದಾಗ ಅವರ ಬಟ್ಟೆಬರೆಯೆಲ್ಲ ಗೇಟಿನ ಹೊರಗೆ ಮಡಚಿ ಇಟ್ಟಿತ್ತು. ಮಡಚಿದ್ದು ಸೈನಿಕರೇ. ಶಿಸ್ತಿಗೆ ಕಡಿಮೆಯಿರಲಿಲ್ಲ.

ಹೋದ ತಿಂಗಳು ಕರ್ನಲ್ ತೆವಿತಾ, ದೂರದ ದ್ವೀಪಗಳಿಂದ ಬಸುರಿಯರನ್ನು ಆಸ್ಪತ್ರೆಗೆ ತರುತ್ತಿದ್ದ ದೋಣಿಯ ಮೇಲೆ ಒಂದು ಫಿರಂಗಿ ಕೂರಿಸಿ, ಇನ್ನು ಮುಂದೆ ಇದೇ ನೌಕಾಪಡೆ ಎಂದು ಘೋಷಿಸಿದ್ದ. ಮಲಗಲು ಜಾಗವಿಲ್ಲದೆ ಒಬ್ಬಾಕೆ ಫಿರಂಗಿಗೆ ಒರಗಿಕೊಂಡೇ ಹೆತ್ತಳು. ಆ ಸುದ್ದಿ ಕೇಳಿದ ದಿನವೇ ವಿನೈಸಿ ನಿರ್ಧರಿಸಿದ್ದಳು, ಒಂದೋ ಅವನು, ಇಲ್ಲ ತಾನು. ಆದರೆ ಆ ದೇಶದಲ್ಲಿ ಸೇನಾಪತಿಯನ್ನು ಕಾಗದ ಬರೆದು ತೆಗೆಯುವಂತಿಲ್ಲ. ಅಧ್ಯಕ್ಷರು ಎದುರಿಗೆ ನಿಂತು, ತಮ್ಮ ಬಾಯಿಂದಲೇ ಹೇಳಬೇಕು. ಹಾಗಂತ ಕಾನೂನು.

ಹೊಸ್ತಿಲು ದಾಟಿ ಹೊರಗೆ ಬಂದರೆ, ಮೆಟ್ಟಿಲ ಮೇಲೆ ಅತ್ತಿಗೆ ತೋಕಾಸಾ ಏನನ್ನೋ ಕಟಕಟ ಅಗಿಯುತ್ತ ಕೂತಿದ್ದಳು. ತೋಕಾಸಾ ಎಂದರೆ ತೀರಿಹೋದ ಗಂಡನ ಅಕ್ಕ. ಪಕ್ಕದ ಮನೆ. ಆಳು ಎಷ್ಟು ದಪ್ಪವೋ ಬಾಯಿ ಅಷ್ಟು ದೊಡ್ಡದು. ಅವಳ ಪಕ್ಕದಲ್ಲಿ, ತೆಂಗಿನ ಗರಿಯ ಬುಟ್ಟಿಯಲ್ಲಿ, ಹೊಂಡದಲ್ಲಿ ಸುಟ್ಟ ಇಡೀ ಹಂದಿಯೊಂದು ಹೂವಿನ ಹಾರ ಹಾಕಿಕೊಂಡು ಶಾಂತವಾಗಿ ಮಲಗಿತ್ತು. ಒಂದು ಕಿವಿ ಇರಲಿಲ್ಲ.

“ಅತ್ತಿಗೇ! ಯಾರದ್ದು ಇದು?”

“ನಿಂಗೇ ಬಂದಿದ್ದು ಕಣೇ. ಹಬ್ಬಕ್ಕೆ ಯಾರೋ ಕಳಿಸಿರಬೇಕು ಅನ್ಕೊಂಡೆ. ಕಿವಿ ಗರಿಗರಿಯಾಗಿದೆ.”

“ಹಂದಿ ಕುತ್ತಿಗೇಲಿ ಹಾರ ಇದೆಯಲ್ಲ, ನೋಡ್ಲಿಲ್ವಾ?”

ತೋಕಾಸಾ ಅಗಿಯುವುದನ್ನು ನಿಲ್ಲಿಸಿದಳು. ಹಾರ ಹಾಕಿದ ಹಂದಿಯನ್ನು ಮುಂಜಾನೆ ಮೆಟ್ಟಿಲ ಮೇಲೆ ಇಟ್ಟುಹೋಗುವುದು ಗಂಡಿನ ಕಡೆಯವರು. ಹುಡುಗಿ ಆಗಲೇ ಹುಡುಗನ ಮನೆ ಸೇರಿರುತ್ತಾಳೆ. ಹಂದಿಯನ್ನು ಮುಟ್ಟದೆ ವಾಪಸು ಕಳಿಸಿದರೆ ಹುಡುಗಿಯೂ ವಾಪಸು. ಮನೆಯವರಲ್ಲಿ ಯಾರಾದರೂ ಒಂದು ತುಣುಕು ತಿಂದರೂ ಮದುವೆ ಆಯಿತು ಎಂದೇ ಲೆಕ್ಕ.

ವಿನೈಸಿ ಒಳಗೆ ಓಡಿದಳು. ಮಗಳು ಸೆನಿಯ ಕೋಣೆಯಲ್ಲಿ ಸೊಳ್ಳೆಪರದೆ ನೀಟಾಗಿ ಮಡಚಿಟ್ಟಿತ್ತು. ಒಬ್ಬಳೇ ಮಗಳು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೆಸುವಿನ ಗೆಡ್ಡೆ ಇನ್ನೊಂದು ಹಾಕಮ್ಮ ಎಂದಿದ್ದಳು, ಅಷ್ಟೆ. ವಿನೈಸಿ ಪರದೆ ಬಿಡಿಸಿ ಅದರೊಳಗೂ ನೋಡಿದಳು. ಅದನ್ನು ಮತ್ತೆ ಮಡಚುವಷ್ಟರಲ್ಲಿ ಕಾರ್ಯದರ್ಶಿ ಪೆನಿ ಏದುಸಿರು ಬಿಡುತ್ತ ಬಂದ. ಅವನೂ ಅವಳ ಹಳೆಯ ವಿದ್ಯಾರ್ಥಿಯೇ.

“ಟೀಚರಮ್ಮ, ಹುಡುಗ ಯಾರು ಅಂತ ಗೊತ್ತಾಯ್ತು. ಕೂತ್ಕೊಳ್ಳಿ.”

“ನಿಂತೇ ಇರ್ತೀನಿ, ಹೇಳು.”

“ಕರ್ನಲ್ ತೆವಿತಾ.”

ವಿನೈಸಿ ಕೂತಳು.

ಮಗಳನ್ನು ಕೊಟ್ಟ ಗಳಿಗೆಯಿಂದ ಅತ್ತೆಗೂ ಅಳಿಯನಿಗೂ ಬಾಯಿಕಟ್ಟು. ಮಾತಿಲ್ಲ, ಮುಖ ನೋಡುವಂತಿಲ್ಲ, ಹೆಸರು ಹಿಡಿಯುವಂತಿಲ್ಲ. ಅತ್ತೆ ಇರುವ ಸೂರಿನೊಳಗೆ ಅಳಿಯ ಕಾಲಿಡುವಂತಿಲ್ಲ. ದಾರಿಯಲ್ಲಿ ಎದುರಾದರೆ ಅವನು ಬೆನ್ನು ತಿರುಗಿಸಿ ಪೊದೆ ಸೇರಬೇಕು. ವಿನೈಸಿಯ ತಾಯಿಯೂ ವಿನೈಸಿಯ ಗಂಡನೂ ಜನ್ಮವಿಡೀ ಒಬ್ಬರ ಜೊತೆ ಒಬ್ಬರು ಒಂದು ಮಾತೂ ಆಡಿರಲಿಲ್ಲ. ಒಬ್ಬರ ಮೇಲೊಬ್ಬರಿಗೆ ಬಲು ಗೌರವವಿತ್ತು. ಅವರಿಬ್ಬರ ನಡುವೆ ಓಡಾಡಿ ಓಡಾಡಿ ಸವೆದವಳು ಮಾತ್ರ ವಿನೈಸಿ.

“ಫೋನಲ್ಲಿ ಹೇಳಿದ್ರೆ?” ಎಂದಳು.

“ಫೋನಲ್ಲಿ ಆಡೋದೂ ಬಾಯಲ್ಲೇ ಅಲ್ವಾ ಟೀಚರಮ್ಮ.”

“ನನ್ನ ಪರವಾಗಿ ನೀನೇ ಹೇಳು.”

“ಕಾನೂನು ನಿಮ್ಮ ಬಾಯಿ ಕೇಳತ್ತೆ. ಸಂಪ್ರದಾಯ ನಿಮ್ಮ ಬಾಯಿ ಮುಚ್ಚತ್ತೆ. ನಾನು ನಡುವೆ ಏನ್ಮಾಡ್ಲಿ?”

ತೋಕಾಸಾ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. “ಅಯ್ಯೋ, ಅದಕ್ಯಾಕೆ ಇಷ್ಟು ಒದ್ದಾಟ? ಬಾಯಿಕಟ್ಟು ಅಂದ್ರೆ ಸುಖ ಕಣೇ. ನನ್ನಳಿಯ ಅಪಿಸಾಯ್‌ನ ನೋಡು, ಬ್ಯಾಂಡ್ ಬಾರಿಸ್ತಾನಲ್ಲ, ಕ್ಯಾಪ್ಟನ್. ನನ್ನ ನೆರಳು ಕಂಡ್ರೆ ತೆಂಗಿನಮರ ಹತ್ತುತ್ತಾನೆ. ಮದುವೆಯಾದಾಗಿಂದ ಒಂದು ಜಗಳ ಇಲ್ಲ.” ಮಾತಾಡುತ್ತಲೇ ಅವಳ ಕಣ್ಣು ಮೂಲೆಯಲ್ಲಿದ್ದ ಅಧ್ಯಕ್ಷರ ಕುರ್ಚಿಯ ಮೇಲೆ ಬಿತ್ತು. “ನಂಗೆ ಮಂಡಿ ನೋವು, ಚಾಪೆ ಮೇಲೆ ಕೂರಕ್ಕಾಗಲ್ಲ. ಅದು ಮೆತ್ತಗಿದೆಯೇನೇ?”

“ಅದು ದೇಶದ್ದು ಅತ್ತಿಗೆ.”

“ದೇಶ ಬರೀ ನಿಂದೇನಾ?”

ಪರೇಡಿಗೆ ಹೋಗದೆ ಇರುವಂತಿರಲಿಲ್ಲ. ಮೈದಾನದಲ್ಲಿ ಸೈನ್ಯ ಸಾಲಾಗಿ ನಿಂತಿತ್ತು. ಮುಂದುಗಡೆ ಬ್ಯಾಂಡು, ಅದರ ಮುಂದೆ ಖಡ್ಗ ಹಿಡಿದ ಕರ್ನಲ್. ವಿನೈಸಿಯ ಕಾರು ನಿಂತಿತು. ಅವಳು ಒಂದು ಕಾಲು ಹೊರಗಿಟ್ಟಳೋ ಇಲ್ಲವೋ, ಕರ್ನಲ್ ಬಿಸಿ ಕಲ್ಲು ತುಳಿದವನಂತೆ ಗಿರ್ರನೆ ತಿರುಗಿ ಬೆನ್ನು ಮಾಡಿದ. ಕರ್ನಲ್ ಮಾಡಿದ್ದನ್ನೇ ಮಾಡಬೇಕೆಂದು ಅಭ್ಯಾಸವಾಗಿದ್ದ ಸೈನ್ಯವೂ ಟಪ್ ಎಂದು ತಿರುಗಿತು. ಅಷ್ಟರಲ್ಲಿ ಕಾರಿನ ಇನ್ನೊಂದು ಬಾಗಿಲಿಂದ ತೋಕಾಸಾ ಇಳಿದಳು. ಬ್ಯಾಂಡಿನ ಅಪಿಸಾಯ್ ಕಿಟಾರನೆ ಕಿರುಚಿ ದೊಡ್ಡ ಡೋಲಿನ ಹಿಂದೆ ಮುದುರಿಕೊಂಡ. ಬಾರಿಸು ಎಂದು ಹೇಳುವವರಿಲ್ಲದೆ ಬ್ಯಾಂಡಿನವರು ಸಮುದ್ರದ ಕಡೆ ಮುಖ ಮಾಡಿ ತಮಗೆ ತೋಚಿದ್ದನ್ನು ಬಾರಿಸಿದರು. ರಾಷ್ಟ್ರಗೀತೆ ಮೀನುಗಳಿಗೆ ಕೇಳಿಸಿತು.

ಆಸ್ಟ್ರೇಲಿಯಾದ ರಾಯಭಾರಿ ಟೋಪಿ ತಲೆಗೊತ್ತಿಕೊಂಡು ಕಾರಿನ ಕಡೆ ಓಡಿದ. ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ ಬಂತು: “ಸೈನ್ಯ ಅಧ್ಯಕ್ಷೆಗೆ ಬೆನ್ನು ತೋರಿಸಿದೆ.” ಒರೋವಾದ ಜನಕ್ಕೆ ಇದೆಲ್ಲ ಹೊಸದಲ್ಲ. ದಂಗೆ ಎಂದರೆ ಅವರು ಮೊದಲು ಅಂಗಡಿಗೆ ಹೋಗಿ ಟಿನ್ ಮೀನು ತರುತ್ತಾರೆ, ಆಮೇಲೆ ಚರ್ಚಿಗೆ ಹೋಗಿ ಪ್ರಾರ್ಥನೆ ಮಾಡುತ್ತಾರೆ. ಮಧ್ಯಾಹ್ನದೊಳಗೆ ದೇಶದಲ್ಲಿ ಟಿನ್ ಮೀನು ಖಾಲಿಯಾಯಿತು. ಪ್ರಾರ್ಥನೆಯೂ ಬಹುತೇಕ ಮುಗಿದಿತ್ತು.

“ಇವತ್ತೇ ಬಾಯಿ ಬಿಡಿಸ್ತೀನಿ,” ಎಂದಳು ವಿನೈಸಿ. “ಹಂದಿ ಕೊಯ್ಸಿ, ಚಾಪೆ ತರ್ಸಿ.”

ಬಾಯಿಕಟ್ಟನ್ನು ಬಿಡಿಸುವ ಶಾಸ್ತ್ರವಿದೆ. ಅತ್ತೆ ಊಟ ಹಾಕಬೇಕು, ನೇಯ್ದ ಕೇದಗೆ ಚಾಪೆಗಳನ್ನು ಅಳಿಯನಿಗೆ ಕೊಡಬೇಕು, ಇಬ್ಬರೂ ಒಂದೇ ಎಳನೀರು ಕುಡಿಯಬೇಕು. ಮೊದಲ ಮಾತು ಅಳಿಯನದು. ಅವನು ಮೊದಲು ಏನು ಕೇಳಿದರೂ ಅತ್ತೆ ಇಲ್ಲ ಎನ್ನುವಂತಿಲ್ಲ. ಎರಡನೆಯ ಮಾತು ಅತ್ತೆಯದು.

“ನನ್ನನ್ನ ಕೆಲಸದಿಂದ ತೆಗೀಬೇಡಿ ಅಂತಲೇ ಕೇಳಿಬಿಟ್ರೆ?” ಪೆನಿ ಕೇಳಿದ.

“ಅಷ್ಟು ಬುದ್ಧಿ ಅವನಿಗಿಲ್ಲ. ಮೂರನೇ ಕ್ಲಾಸಿಂದ ನೋಡಿದ್ದೀನಿ. ಇನ್ನೊಂದು ಫಿರಂಗಿ ಕೇಳ್ತಾನೆ. ಕೊಡ್ತೀನಿ. ಆಮೇಲೆ ತೆಗೀತೀನಿ.”

ಹಿತ್ತಲಲ್ಲಿ ಹೊಂಡ ತೋಡಿ, ಕಲ್ಲು ಕಾಯಿಸಿ, ಹಂದಿಯನ್ನು ಬಾಳೆ ಎಲೆಯಲ್ಲಿ ಸುತ್ತಿ ಇಳಿಸುತ್ತಿದ್ದಾಗ ಸೆನಿ ಹಿಂಬಾಗಿಲಿಂದ ಬಂದಳು. ಹೊಸ ಹೆಂಡತಿಯರು ಉಡುವ ಕೆಂಪು ಲುಂಗಿ ಉಟ್ಟಿದ್ದಳು. ತಾಯಿಯೂ ಮಗಳೂ ಹೊಗೆಯಲ್ಲಿ ನಿಂತು ಸ್ವಲ್ಪ ಹೊತ್ತು ಕಣ್ಣೊರೆಸಿಕೊಂಡರು. ಹೊಗೆ ಇದ್ದದ್ದು ಇಬ್ಬರಿಗೂ ಅನುಕೂಲವೇ ಆಯಿತು.

“ಹೇಳ್ದೆ ಹೋದೆಯಲ್ಲೇ.”

“ಹೇಳಿದ್ರೆ ಬಿಡ್ತಿದ್ಯಾ?”

“ಊರಲ್ಲಿ ಗಂಡಸರಿರಲಿಲ್ವಾ? ಹೋಗಿ ಹೋಗಿ ಸೇನಾಪತೀನೇ ಬೇಕಿತ್ತಾ?”

“ಅಮ್ಮಾ, ಒಂದು ಮಾತು ಕೇಳು. ಬಾಯಿಕಟ್ಟು ಬಿಡಿಸ್ಬೇಡ. ಹೀಗೇ ಇರ್ಲಿ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ.”

ಗಂಡನ ಕೆಲಸ ಉಳಿಸಿಕೊಳ್ಳಲು ಬಂದಿದ್ದಾಳೆ ಎಂದುಕೊಂಡಳು ವಿನೈಸಿ. ಒಂದೇ ರಾತ್ರಿಯಲ್ಲಿ ಮಗಳು ಅತ್ತಕಡೆಯವಳಾಗಿಬಿಟ್ಟಳಲ್ಲ! ಆ ಸಂಕಟದಲ್ಲೇ ಅವಳು ಇನ್ನೂ ಎರಡು ಚಾಪೆ ಹೆಚ್ಚು ತರಿಸಿದಳು.

ಸಂಜೆ ಕರ್ನಲ್ ತೆವಿತಾ ಬಂದ. ಜೀಪಿನಲ್ಲಲ್ಲ, ನಡೆದುಕೊಂಡು. ಸಮವಸ್ತ್ರವಿಲ್ಲ, ಹೂವಿನ ಅಂಗಿ. ಹೆಗಲ ಮೇಲೆ ದೊಡ್ಡದೊಂದು ಟ್ರಂಕು.

“ನೋಡೇ, ಟ್ರಂಕ್ ತುಂಬ ಉಡುಗೊರೆ!” ತೋಕಾಸಾ ಪಿಸುಗುಟ್ಟಿದಳು. ಅವಳ ಪಿಸುಮಾತು ಬಂದರಿನವರೆಗೆ ಕೇಳಿಸಿತು.

ಅಂಗಳದ ಆಚೆ ಬದಿಯಲ್ಲಿ ಅವನು, ಈಚೆ ಬದಿಯಲ್ಲಿ ಅವಳು, ಬೆನ್ನಿಗೆ ಬೆನ್ನು ಮಾಡಿ ಉಂಡರು. ಚಾಪೆ ಕೊಟ್ಟದ್ದಾಯಿತು. ತೋಕಾಸಾ ಎಳನೀರು ಕೊಚ್ಚಿದಳು. ಅವನು ಅರ್ಧ ಕುಡಿದ, ಅವಳು ಅರ್ಧ ಕುಡಿದಳು. ಇಬ್ಬರೂ ತಿರುಗಿ ಮುಖ ನೋಡಿದರು. ಮೂರನೇ ಕ್ಲಾಸಿನಲ್ಲಿ ಸ್ಲೇಟು ಕಳೆದುಕೊಂಡ ದಿನದ ಮುಖವೇ ಈಗಲೂ ಅವನಿಗಿತ್ತು.

“ಅತ್ತೇ,” ಎಂದ ತೆವಿತಾ. “ನಾನೂ ಸೆನಿಯೂ ಇಲ್ಲೇ ನಿಮ್ಮನೇಲಿ ಇರಬಹುದಾ?”

ಫಿರಂಗಿಗೆ ಸಿದ್ಧಳಾಗಿದ್ದ ವಿನೈಸಿ ತಬ್ಬಿಬ್ಬಾದಳು. ಇಲ್ಲ ಎನ್ನುವಂತಿಲ್ಲ. “ಇರಿ,” ಎಂದಳು. ಮರುಕ್ಷಣವೇ ಎದ್ದು ನಿಂತು, ಬೆಳಿಗ್ಗೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದ ವಾಕ್ಯವನ್ನು ಗಟ್ಟಿಯಾಗಿ ಹೊರಗೆ ಹಾಕಿದಳು: “ಕರ್ನಲ್ ತೆವಿತಾ, ಈ ಕ್ಷಣದಿಂದ ನೀವು ಸೇನಾಪತಿಯಲ್ಲ!”

ಪೆನಿ ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ.

“ಅದು ಮಧ್ಯಾಹ್ನಾನೇ ಆಯ್ತು ಅತ್ತೆ,” ಎಂದ ತೆವಿತಾ. ಟ್ರಂಕಿನ ಮುಚ್ಚಳ ತೆಗೆದ. ಒಳಗೆ ಅವನ ಅಂಗಿ, ಚಡ್ಡಿ, ಕ್ಷೌರದ ಬ್ರಷ್ಷು, ಎಲ್ಲವನ್ನೂ ನೀಟಾಗಿ ಮಡಚಿಟ್ಟಿತ್ತು. “ಹುಡುಗರೇ ಮಡಚಿಕೊಟ್ರು.”

“ಅಂದ್ರೆ?”

“ಪರೇಡ್ ಮುಗಿದ್ಮೇಲೆ ಇಲ್ಲಿಗೆ ಬಂದು ನಿಮ್ಮನ್ನ ಕುರ್ಚಿಯಿಂದ ಎಬ್ಬಿಸೋದು ಅಂತ ಮೊದಲೇ ಮಾತಾಗಿತ್ತು. ತಪ್ಪು ತಿಳ್ಕೋಬೇಡಿ, ಆಗಿನ್ನೂ ನೀವು ಅತ್ತೆಯಾಗಿರಲಿಲ್ಲ. ಈಗ ಅತ್ತೆ ಮನೆಗೆ ಕಾಲಿಡೋದು ಹೇಗೆ, ಆಗಲ್ಲ ಅಂದೆ. ಟೋಪಿ ಕಿತ್ಕೊಂಡು ಇನ್ನೊಬ್ಬನ ತಲೆಗೆ ಇಟ್ರು.”

ವಿನೈಸಿ ಮಗಳ ಕಡೆ ನೋಡಿದಳು. ಸೆನಿ ನೆಲ ನೋಡಿದಳು. ತೆವಿತಾ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

“ಅದಕ್ಕೇನಾ ನನ್ನ ಮದುವೆಯಾಗಿದ್ದು?”

“ಅದಕ್ಕೂ,” ಎಂದಳು ಸೆನಿ.

ಬೀದಿಯಲ್ಲಿ ಜೀಪಿನ ಸದ್ದು ಕೇಳಿಸಿತು. ಅದರ ಹಿಂದೆ ಬೂಟುಗಳ ಸದ್ದು. ಗೇಟಿನ ಹತ್ತಿರ ಎಲ್ಲ ಸದ್ದೂ ನಿಂತಿತು. ಒಳಗೆ ಯಾರೂ ಬರಲಿಲ್ಲ. ಅಂಗಳದಲ್ಲಿ ಎಲ್ಲರೂ ಗೇಟಿನತ್ತಲೇ ನೋಡುತ್ತ ಕಾದರು. ಆದರೂ ಯಾರೂ ಬರಲಿಲ್ಲ. ಕೊನೆಗೆ ಒಬ್ಬ ಸೈನಿಕ ಮಾತ್ರ ಬಂದು ಸಲ್ಯೂಟ್ ಹೊಡೆದ.

“ಟೀಚರಮ್ಮ, ಹೊಸ ಸೇನಾಪತಿಗಳು ಕೇಳ್ಕೊಂಡು ಬಾ ಅಂದ್ರು. ಒಳಗಡೆ... ಆ ದೊಡ್ಡಮ್ಮ... ಇನ್ನೂ ಇದ್ದಾರಾ? ಅವರು ಯಾವಾಗ ಮನೆಗೆ ಹೋಗ್ತಾರೆ?”

“ಯಾರೋ ಹೊಸ ಸೇನಾಪತಿ?”

“ಕ್ಯಾಪ್ಟನ್ ಅಪಿಸಾಯ್. ಜೀಪಿನ ಸೀಟಿನ ಕೆಳಗಿದ್ದಾರೆ.”

“ನಾನು ಹೊರಟೆ ಕಣಪ್ಪಾ,” ತೋಕಾಸಾ ಮಂಡಿ ಹಿಡಿದುಕೊಂಡು ಏಳತೊಡಗಿದಳು. “ಕೂತೂ ಕೂತೂ ಕಾಲು ಮರಗಟ್ಟಿಹೋಯ್ತು. ನೀವು ನೀವು ಮಾತಾಡ್ಕೊಳ್ಳಿ.”

“ಅತ್ತಿಗೇ!” ವಿನೈಸಿ ಹಾರಿ ಅವಳ ರಟ್ಟೆ ಹಿಡಿದಳು. ಮಗಳು ಒಂದು ಕಡೆ, ಅಳಿಯ ಇನ್ನೊಂದು ಕಡೆ ಹಿಡಿದರು. ಮಾಜಿ ಸೇನಾಪತಿಗೆ ಅವತ್ತು ಸಿಕ್ಕಿದ ಮೊದಲ ಕಾರ್ಯಾಚರಣೆ ಅದು. “ಹೋಗ್ಬೇಡಿ ಅತ್ತಿಗೆ. ಇಲ್ಲೇ ಇರಿ. ಇವತ್ತು, ನಾಳೆ, ನಾಡಿದ್ದು.”

“ಎಲ್ಲಿ ಕೂರ್ಲಿ? ಚಾಪೆ ಮೇಲೆ ನನ್ನ ಕೈಲಿ ಆಗಲ್ಲ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ.”

ವಿನೈಸಿ ಮನೆಯ ಕಡೆ ತಿರುಗಿದಳು. ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ಬಾಗಿಲಿನೊಳಗಿಂದ ಅದರ ಮೆತ್ತೆ ಕಾಣುತ್ತಿತ್ತು.

ತೋಕಾಸಾ ಒಳಗೆ ಹೋಗಿ ಅದರ ಮೇಲೆ ಮೆಲ್ಲಗೆ ಕೂತಳು. ಕುರ್ಚಿ ಒಮ್ಮೆ ನರಳಿ ಸುಮ್ಮನಾಯಿತು. ಗೇಟಿನ ಹೊರಗೆ ಜೀಪು ಹಿಂದಕ್ಕೆ ಸರಿಯಿತು.

“ಹೂಂ, ಮೆತ್ತಗೇ ಇದೆ,” ಎಂದಳು ತೋಕಾಸಾ, ಎರಡೂ ಕೈಗಳನ್ನು ಚಾಚಿಟ್ಟುಕೊಂಡು. “ಎಷ್ಟು ದಿನ ಕೂತಿರ್ಬೇಕೇ?”

“ಮುಂದಿನ ಚುನಾವಣೆ ತನಕ,” ಎಂದಳು ವಿನೈಸಿ, ಅಳುವ ದನಿಯಲ್ಲಿ.

ತೋಕಾಸಾ ದೇಶದ ಪರಿಸ್ಥಿತಿಯ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಿದಳು.

“ಸರಿ ಹಾಗಾದ್ರೆ. ವಿನೈಸೀ, ಬೆಳಗಿನ ಹಂದೀದು ಇನ್ನೊಂದು ಕಿವಿ ಇತ್ತಲ್ಲ, ಹೋಗಿ ತಗೊಂಡು ಬಾ.”